ಸ್ಟೇರಿಂಗ್ ತಿರುಗಿಸಿದರೆ ಗುಂಯ್ ಅನ್ನುತ್ತದೆ: ಪಂಪ್, ರ್ಯಾಕ್ ಎರಡೂ ಬದಲಿಸಲೇಬೇಕಾ?

ವಿಜಯನಗರ_ಡೀಸೆಲ್

ಎಲ್ಲರಿಗೂ ನಮಸ್ಕಾರ. ನಮ್ಮದು 2011ರ ಏಳು ಸೀಟಿನ ಡೀಸೆಲ್ ಗಾಡಿ. ಹೈಡ್ರಾಲಿಕ್ ಪವರ್ ಸ್ಟೇರಿಂಗ್, ಅಂದರೆ ಆಯಿಲ್ ಒತ್ತಡದಿಂದ ಸ್ಟೇರಿಂಗ್ ಹಗುರ ಮಾಡುವಂಥದ್ದು, ಎಂಜಿನ್ ಬೆಲ್ಟ್‌ನಿಂದ ಪಂಪ್ ಓಡುತ್ತದೆ. ದೀಪಾವಳಿ ಕಳೆದ ಮೇಲೆ ಒಂದು ಸದ್ದು ಶುರುವಾಗಿದೆ. ಬೆಳಿಗ್ಗೆ ಬೇಸ್‌ಮೆಂಟ್‌ನಿಂದ ಗಾಡಿ ತೆಗೆಯುವಾಗ ಕಂಬದ ಪಕ್ಕ ಪೂರ್ತಿ ತಿರುಗಿಸಬೇಕು. ಆಗ ಗುಂಯ್ ಅಂತ ಜೋರಾಗಿ ಕೂಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಸದ್ದು ಇನ್ನೂ ಏರುತ್ತದೆ. ನೇರ ಹೋಗುವಾಗ ಅಷ್ಟಾಗಿ ಕೇಳುವುದಿಲ್ಲ. ಮಾಗಡಿ ರೋಡ್ ಸೇರುವಷ್ಟರಲ್ಲಿ ಎಂಜಿನ್ ಬಿಸಿಯಾಗಿ ಸ್ವಲ್ಪ ಕಮ್ಮಿಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಸರ್ವಿಸ್ ಸೆಂಟರ್‌ಗೆ ತೋರಿಸಿದೆ. ಬಾನೆಟ್ ಎತ್ತಿ, ಸ್ಟೇರಿಂಗ್ ಒಮ್ಮೆ ಆ ಕಡೆ ಈ ಕಡೆ ತಿರುಗಿಸಿ, "ಪಂಪ್ ಹೋಗಿದೆ ಸಾರ್. ರ್ಯಾಕ್ ಕೂಡ ಹಳೇದಾಗಿದೆ, ಎರಡೂ ಒಟ್ಟಿಗೆ ಹಾಕಿಸಿಬಿಡಿ" ಅಂದರು. ರ್ಯಾಕ್ ಅಂದರೆ ಸ್ಟೇರಿಂಗ್ ತಿರುವನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಹಲ್ಲಿನ ದಂಡ. ಎಸ್ಟಿಮೇಟ್ ಅರ್ಧ ಲಕ್ಷ ದಾಟಿದೆ. ಗಾಡಿಗೆ ಅಷ್ಟು ಹಾಕಲು ನನಗೆ ಬೇಜಾರಿಲ್ಲ, ಚೆನ್ನಾಗಿ ಸಾಕಿದ ಗಾಡಿ. ಆದರೆ ಅದೇ ಕಾರಣ ಅಂತ ಗೊತ್ತಾಗಬೇಕಲ್ವಾ? ಮುಂದಿನ ತಿಂಗಳು ಅಪ್ಪ ಅಮ್ಮನ ಜೊತೆ ಶಿರಾಡಿ ಘಾಟಿ ಮೇಲೆ ಧರ್ಮಸ್ಥಳಕ್ಕೆ ಹೋಗಬೇಕು. ಅಷ್ಟರೊಳಗೆ ಸರಿಮಾಡಿಕೊಳ್ಳಬೇಕು. ತಿಳಿದವರು ದಯವಿಟ್ಟು ಹೇಳಿ.

ಏರ್‌ಪೋರ್ಟ್_ಟ್ಯಾಕ್ಸಿ

ಸಾರ್, ನನ್ನ ಗಾಡಿಯಲ್ಲೂ ಸದ್ದು ಬಂದಿತ್ತು. ಬೆಲ್ಟ್ ಬದಲಿಸಿದ ಮೇಲೆ ಸರಿಹೋಯಿತು. ಮೊದಲು ಬೆಲ್ಟ್ ನೋಡಿಸಿ. ಬೆಂಗಳೂರು ಜೆ.ಸಿ. ರೋಡಿನ ಪಾರ್ಟ್ಸ್ ಅಂಗಡಿಯಲ್ಲಿ ತಗೊಂಡರೆ ಕಮ್ಮಿಗೆ ಸಿಗುತ್ತದೆ.

ಕಾಮಾಕ್ಷಿಪಾಳ್ಯ_ಗ್ಯಾರೇಜ್

ಬೆಲ್ಟ್ ಸದ್ದು ಗುಂಯ್ ಅಂತ ಬರುವುದಿಲ್ಲ ಅಣ್ಣ, ಕೀಚ್ ಅಂತ ಕಿರುಚುತ್ತದೆ. ಇಲ್ಲಿ ಮೊದಲು ಆಗಬೇಕಾದ್ದು ಸದ್ದು ಯಾವುದು ಅಂತ ಗುರುತಿಸುವ ಕೆಲಸ. ಸದ್ದು ಗುರುತಿಸದೆ ಪಾರ್ಟ್ಸ್ ಬದಲಿಸಿದ ಗಾಡಿಗಳು ನನ್ನ ಗ್ಯಾರೇಜಿಗೆ ಬರುತ್ತಲೇ ಇರುತ್ತವೆ. ಹೊಸ ಪಂಪ್, ಹೊಸ ರ್ಯಾಕ್, ಹಳೇ ಸದ್ದು.

ವಿಜಯನಗರದ ಸಾರ್, ಸಾಮಾನ್ಯವಾಗಿ ಬರುವ ಸದ್ದುಗಳನ್ನು ಹೇಳುತ್ತೇನೆ, ನಿಮ್ಮದು ಯಾವುದು ನೋಡಿ.

ಎಂಜಿನ್ ವೇಗ ಹೆಚ್ಚಿದಂತೆ ಏರಿ, ಸ್ಟೇರಿಂಗ್ ತಿರುಗಿಸಿದಾಗ ಜೋರಾಗುವ ಗುಂಯ್ ಸದ್ದು: ಆಯಿಲ್ ಕಮ್ಮಿ, ಆಯಿಲಿನಲ್ಲಿ ಗಾಳಿ, ಆಯಿಲ್ ಡಬ್ಬಿ ತಳದ ಜಾಲರಿ ಕಟ್ಟಿಕೊಂಡಿರುವುದು, ಇಲ್ಲವೇ ಪಂಪ್ ಸವೆದಿರುವುದು. ಈ ನಾಲ್ಕರಲ್ಲಿ ಪಂಪ್ ಕೊನೆಯದು.

ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ತಕ್ಷಣ, ಅಥವಾ ಫುಲ್ ಲಾಕ್‌ಗೆ, ಅಂದರೆ ಸ್ಟೇರಿಂಗ್ ಇನ್ನು ತಿರುಗದ ತುದಿಗೆ ಹೋದಾಗ ಕೀಚ್ ಅಂದರೆ ಬೆಲ್ಟ್. ಮಳೆ ನೀರು ಬಿದ್ದ ದಿನ ಜಾಸ್ತಿ. ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಎಂಜಿನ್ ಓಡುತ್ತಿರುವಾಗ ಬೆಲ್ಟಿನ ಗೀರು ಇರುವ ಬದಿಗೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಹೊಡೆಯಿರಿ. ಸದ್ದು ಇನ್ನೂ ಜೋರಾದರೆ ಬೆಲ್ಟ್ ಜಾರುತ್ತಿದೆ, ಟೆನ್ಷನ್ ಸಾಲದು. ಒಂದು ಕ್ಷಣ ನಿಂತು ಮತ್ತೆ ಬಂದರೆ ಯಾವುದೋ ಪುಲ್ಲಿ ಓರೆಯಾಗಿದೆ. ಆಗ ಎಷ್ಟು ಹೊಸ ಬೆಲ್ಟ್ ಹಾಕಿದರೂ ಸದ್ದು ವಾಪಸ್ ಬರುತ್ತದೆ. ಶಾಲು, ಸಡಿಲ ತೋಳಿನ ಅಂಗಿ ಹಾಕಿಕೊಂಡು ಬೆಲ್ಟ್ ಹತ್ತಿರ ಹೋಗಬೇಡಿ.

ಫುಲ್ ಲಾಕ್‌ನಲ್ಲಿ ಮಾತ್ರ ಸ್‌ಸ್‌ಸ್ ಅಂತ ಬಂದು, ಸ್ವಲ್ಪ ಹಿಂದೆ ಬಿಟ್ಟರೆ ನಿಂತರೆ ಅದು ರೋಗ ಅಲ್ಲ. ಪಂಪ್ ಒಳಗೆ ಒತ್ತಡ ಮಿತಿ ದಾಟಿದಾಗ ರಿಲೀಫ್ ವಾಲ್ವ್ ತೆರೆದುಕೊಳ್ಳುವ ಸದ್ದು ಅದು. ಅಲ್ಲೇ ಹಿಡಿದುಕೊಂಡು ನಿಲ್ಲಬೇಡಿ, ಆಯಿಲ್ ಕೂಡಲೇ ಕಾಯುತ್ತದೆ.

ನಿಂತಲ್ಲೇ ತಿರುಗಿಸಿದಾಗ ಟೊಂಯ್ ಅಂತ ಸ್ಪ್ರಿಂಗ್ ಬಿಟ್ಟ ಹಾಗೆ ಬಂದರೆ ಶಾಕ್ ಅಬ್ಸಾರ್ಬರ್ ಮೇಲಿನ ಮೌಂಟ್ ಬೇರಿಂಗ್. ಹಂಪು, ಗುಂಡಿ ಹತ್ತಿಳಿಯುವಾಗ ಟಕ್ ಅಂದರೆ ಚಕ್ರದ ಬಳಿಯ ಜೋಡಣೆಗಳಾದ ಲಿಂಕ್ ರಾಡ್, ಟೈ ರಾಡ್ ಎಂಡ್, ಲೋಯರ್ ಆರ್ಮ್ ಬಾಲ್ ಜಾಯಿಂಟ್ ಕಡೆ ನೋಡಬೇಕು. ಫ್ರಂಟ್ ವೀಲ್ ಡ್ರೈವ್ ಗಾಡಿಯಲ್ಲಿ ಪೂರ್ತಿ ತಿರುಗಿಸಿಕೊಂಡು ಮುಂದೆ ಹೋಗುವಾಗ ಟಕಟಕಟಕ ಅಂತ ಸಾಲಾಗಿ ಬಂದರೆ ಆಕ್ಸಲ್‌ನ ಹೊರಗಿನ ಜಾಯಿಂಟ್. ಇವು ಯಾವುದಕ್ಕೂ ಪವರ್ ಸ್ಟೇರಿಂಗ್ ಪಂಪಿಗೂ ಸಂಬಂಧ ಇಲ್ಲ.

ನಿಮ್ಮ ವಿವರಣೆ ನೋಡಿದರೆ ಮೊದಲನೇದು. ಈಗ ನನಗೆ ಬೇಕಾದ್ದು ಇಷ್ಟು. ಎಂಜಿನ್ ಐಡ್ಲಿಂಗ್‌ನಲ್ಲಿ ಇಟ್ಟು ಆಯಿಲ್ ಡಬ್ಬಿ ಮುಚ್ಚಳ ತೆಗೆಯಿರಿ. ಒಳಗೆ ಒಬ್ಬರು ಕೂತು ನಿಧಾನವಾಗಿ ಸ್ಟೇರಿಂಗ್ ಆಡಿಸಲಿ. ನೀವು ಡಬ್ಬಿಯೊಳಗೆ ಟಾರ್ಚ್ ಬಿಟ್ಟು ನೋಡಿ. ನೊರೆ ಇದೆಯಾ, ಗುಳ್ಳೆ ಏಳುತ್ತಿದೆಯಾ, ಬಣ್ಣ ಏನು, ವಾಸನೆ ಸುಟ್ಟ ಹಾಗಿದೆಯಾ? ಮಟ್ಟ ನೋಡುವಾಗ ಬಿಸಿಗೆ ಬೇರೆ ಗೀಟು, ತಣ್ಣಗಿರುವಾಗ ಬೇರೆ ಗೀಟು ಇರುತ್ತದೆ, ಗಮನಿಸಿ.

ವಿಜಯನಗರ_ಡೀಸೆಲ್

ಬಹಳ ಧನ್ಯವಾದ ಸಾರ್. ಇವತ್ತು ಬೆಳಿಗ್ಗೆ ತಣ್ಣಗಿರುವಾಗಲೇ ನೋಡಿದೆ. ನನ್ನ ಹೆಂಡತಿ ಸ್ಟೇರಿಂಗ್ ಆಡಿಸಿದಳು.

ಮಟ್ಟ ಸರಿಯಾಗಿಯೇ ಇದೆ, ಎರಡು ಗೀಟಿನ ನಡುವೆ. ಆದರೆ ಆಯಿಲ್ ಕೆಂಪಗಿಲ್ಲ, ತಿಳಿ ಗುಲಾಬಿ. ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ. ಸ್ಟೇರಿಂಗ್ ತಿರುಗಿಸಿದಾಗ ರಿಟರ್ನ್ ಬಾಯಿಯಿಂದ ಬರುವ ಆಯಿಲೇ ಬುಳುಬುಳು ಅಂತ ನೊರೆಯಾಗಿ ಬರುತ್ತಿದೆ. ಎಂಜಿನ್ ಆಫ್ ಮಾಡಿದ ತಕ್ಷಣ ಮಟ್ಟ ಒಂದು ಬೆರಳಿನಷ್ಟು ಮೇಲೆ ಬಂತು. ಅರ್ಧ ಗಂಟೆ ಬಿಟ್ಟು ನೋಡಿದರೆ ನೊರೆ ಇಳಿದು ಮತ್ತೆ ಕೆಂಪಾಗಿತ್ತು. ಸುಟ್ಟ ವಾಸನೆ ಇಲ್ಲ. ಗಾಡಿ ಕೆಳಗೆ ನೆಲದ ಮೇಲೆ ಒಂದು ಹನಿಯೂ ಬಿದ್ದಿಲ್ಲ. ಸೋರಿಕೆಯೇ ಇಲ್ಲದಿದ್ದರೆ ಗಾಳಿ ಎಲ್ಲಿಂದ ಬಂತು?

ಪೀಣ್ಯ_ಹೈಡ್ರಾಲಿಕ್ಸ್

ಈ ಪ್ರಶ್ನೆ ಬಹಳ ಮುಖ್ಯ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಕೆಲಸ ಮಾಡುವುದು ಪ್ರೆಸ್ ಮೆಷಿನ್‌ಗಳ ಹೈಡ್ರಾಲಿಕ್ಸ್‌ನಲ್ಲಿ. ಆದರೆ ಪಂಪ್ ಎಲ್ಲಿದ್ದರೂ ಪಂಪೇ.

ಪವರ್ ಸ್ಟೇರಿಂಗ್ ಪಂಪಿಗೆ ಎರಡು ಬದಿ. ಒಂದು ಎಳೆಯುವ ಬದಿ, ಡಬ್ಬಿಯಿಂದ ಪಂಪಿಗೆ ಬರುವ ದಪ್ಪ ಪೈಪ್. ಇನ್ನೊಂದು ತಳ್ಳುವ ಬದಿ, ಪಂಪಿನಿಂದ ರ್ಯಾಕ್‌ಗೆ ಹೋಗುವ ಪ್ರೆಷರ್ ಪೈಪ್. ತಳ್ಳುವ ಬದಿಯಲ್ಲಿ ಪೂರ್ತಿ ತಿರುಗಿಸಿದಾಗ ಒತ್ತಡ 70 ಬಾರ್, ಅಂದರೆ ಹೊರಗಿನ ಗಾಳಿ ಒತ್ತಡದ ಸುಮಾರು 70 ಪಟ್ಟು ದಾಟುತ್ತದೆ. ಅಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಆಯಿಲ್ ಹೊರಗೆ ಚಿಮ್ಮಿ ಎಲ್ಲರಿಗೂ ಕಾಣುತ್ತದೆ. ಎಳೆಯುವ ಬದಿಯಲ್ಲಿ ಹಾಗಲ್ಲ. ಅಲ್ಲಿ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಮ್ಮಿ. ಜಾಯಿಂಟ್ ಸಡಿಲವಾದರೆ ಆಯಿಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಎಳನೀರು ಕುಡಿಯುವಾಗ ಸ್ಟ್ರಾ ಮೇಲ್ಗಡೆ ಸೀಳಿದ್ದರೆ ನೀರು ಸೋರುವುದಿಲ್ಲ, ಬಾಯಿಗೆ ಸೊರಸೊರ ಗಾಳಿ ಬರುತ್ತದಲ್ವಾ, ಅದೇ. ನೆಲದ ಮೇಲೆ ಹನಿ ಇಲ್ಲದೆ ನೊರೆ ಇದ್ದರೆ ನೂರಕ್ಕೆ ಬಹುಪಾಲು ಎಳೆಯುವ ಬದಿಯೇ.

ಈ ಗಾಳಿ ಗುಳ್ಳೆ ಪಂಪ್ ಒಳಗೆ ಒತ್ತಡ ಜಾಸ್ತಿ ಇರುವ ಜಾಗಕ್ಕೆ ಬಂದಾಗ ಪಟ್ಟನೆ ಕುಸಿಯುತ್ತದೆ. ಸೆಕೆಂಡಿಗೆ ಸಾವಿರಾರು ಗುಳ್ಳೆ ಹೀಗೆ ಕುಸಿಯುವ ಸದ್ದೇ ನೀವು ಕೇಳುತ್ತಿರುವ ಗುಂಯ್. ಹಾಗೇ ಬಿಟ್ಟರೆ ಪಂಪ್ ಒಳಗಿನ ರೆಕ್ಕೆಗಳು ಮತ್ತು ಅವು ಉಜ್ಜುವ ಉಂಗುರ ನಿಜಕ್ಕೂ ಸವೆಯುತ್ತವೆ. ಆಗ ಸರ್ವಿಸ್ ಸೆಂಟರಿನವರ ಮಾತು ನಿಜವಾಗುತ್ತದೆ, ಆದರೆ ಅದು ಕಾರಣ ಅಲ್ಲ, ಪರಿಣಾಮ. ಮೂಲ ತೂತು ಮುಚ್ಚದೆ ಹೊಸ ಪಂಪ್ ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ನೊರೆ ಇಲ್ಲದೆ ಬರೀ ಗುಂಯ್ ಇದ್ದಿದ್ದರೆ ನಾನು ಬೇರೆ ಕಡೆ ಹುಡುಕುತ್ತಿದ್ದೆ. ಹಲವು ಗಾಡಿಗಳಲ್ಲಿ ಡಬ್ಬಿಯ ತಳದಲ್ಲಿ ಸಣ್ಣ ಜಾಲರಿ ಇರುತ್ತದೆ. ವರ್ಷಗಟ್ಟಲೆ ಆಯಿಲ್ ಬದಲಿಸದಿದ್ದರೆ ಅದು ಕಪ್ಪು ಮಡ್ಡಿಯಿಂದ ಕಟ್ಟಿಕೊಳ್ಳುತ್ತದೆ. ಬೆಳಿಗ್ಗೆ ಆಯಿಲ್ ದಪ್ಪಗಿರುವಾಗ ಪಂಪಿಗೆ ಸಾಕಷ್ಟು ಆಯಿಲ್ ಸಿಗದೆ ಕೂಗುತ್ತದೆ, ಬಿಸಿಯಾದ ಮೇಲೆ ಸುಮ್ಮನಾಗುತ್ತದೆ. ನಿಮ್ಮಲ್ಲಿ ಎರಡೂ ಇರಬಹುದು. ಡಬ್ಬಿ ಬಿಚ್ಚಿದಾಗ ಅದನ್ನೂ ನೋಡಿಬಿಡಿ.

ಗಾಳಿ ಎಲ್ಲಿಂದ ಅಂತ ಹಿಡಿಯಲು ಹೀಗೆ ಮಾಡಿ. ಎಂಜಿನ್ ಐಡ್ಲಿಂಗ್‌ನಲ್ಲಿ ಸದ್ದು ಬರುತ್ತಿರುವಾಗ ದಪ್ಪ ಪೈಪಿನ ಎರಡೂ ತುದಿಯ ಕ್ಲಿಪ್ ಸುತ್ತ, ಪಂಪಿಗೆ ಸೇರುವ ಜಾಯಿಂಟ್ ಸುತ್ತ ದಪ್ಪಗೆ ಗ್ರೀಸ್ ಮೆತ್ತಿ. ಒಂದೊಂದೇ ಜಾಗ, ಮಧ್ಯೆ ಸ್ವಲ್ಪ ಕಾಯಿರಿ. ಯಾವ ಜಾಗಕ್ಕೆ ಮೆತ್ತಿದಾಗ ಸದ್ದು ಬದಲಾಯಿತೋ ಅಲ್ಲೇ ತೂತು. ಬೆಲ್ಟಿನ ಪಕ್ಕದ ಜಾಯಿಂಟ್‌ಗೆ ಎಂಜಿನ್ ಆಫ್ ಮಾಡಿ ಮೆತ್ತಿ, ಆಮೇಲೆ ಸ್ಟಾರ್ಟ್ ಮಾಡಿ.

ಏರ್‌ಪೋರ್ಟ್_ಟ್ಯಾಕ್ಸಿ

ಗ್ರೀಸ್ ಉಪಾಯ ಚೆನ್ನಾಗಿದೆ ಸಾರ್, ನಮ್ಮ ಸ್ಟ್ಯಾಂಡಿನಲ್ಲಿ ಹೇಳುತ್ತೇನೆ. ಕ್ವಾಲಿಸ್, ಹಳೇ ಇನ್ನೋವಾ, ಬೊಲೆರೋ ಎಲ್ಲ ಹೈಡ್ರಾಲಿಕ್ಕೇ ಅಲ್ವಾ, ಬಹಳ ಜನಕ್ಕೆ ಉಪಯೋಗ ಆಗುತ್ತದೆ. ಒಂದು ಕೇಳಬೇಕಿತ್ತು. ಸದ್ದು ನಿಲ್ಲಿಸಲು ಸೀಸೆಯಲ್ಲಿ ಬರುವ ಸ್ಟಾಪ್ ಲೀಕ್ ಹಾಕಿದರೆ ಹೇಗೆ?

ಕಾಮಾಕ್ಷಿಪಾಳ್ಯ_ಗ್ಯಾರೇಜ್

ಬೇಡ ಅಣ್ಣ. ಅದು ರಬ್ಬರ್ ಸೀಲನ್ನು ಊದಿಸುತ್ತದೆ. ಸ್ವಲ್ಪ ದಿನ ಸೋರಿಕೆ ಕಮ್ಮಿಯಾಗುತ್ತದೆ, ಆಮೇಲೆ ಅದೇ ಸೀಲ್ ಮೆತ್ತಗಾಗಿ ಪೂರ್ತಿ ಕೆಡುತ್ತದೆ. ಮಾರುವ ಗಾಡಿಗೆ ಹಾಕುವವರಿದ್ದಾರೆ. ಓಡಿಸುವ ಗಾಡಿಗೆ ಹಾಕಬೇಡಿ.

ಇನ್ನೂ ದೊಡ್ಡ ತಪ್ಪು ಒಂದಿದೆ. ಆಯಿಲ್ ಕಮ್ಮಿ ಇದೆ ಅಂತ ಕೈಗೆ ಸಿಕ್ಕ ಬ್ರೇಕ್ ಆಯಿಲ್ ಸುರಿಯುವುದು. ಬ್ರೇಕ್ ಆಯಿಲ್ ಅಂದರೆ ಡಾಟ್ 3, ಡಾಟ್ 4 ಗ್ಲೈಕಾಲ್ ಜಾತಿಯದು. ಸ್ಟೇರಿಂಗ್ ಸೀಲ್‌ಗಳು ಖನಿಜ ಎಣ್ಣೆಗೆ ಮಾಡಿದ ರಬ್ಬರ್. ಅದಕ್ಕೆ ಇದು ತಾಗಿದರೆ ಪಂಪ್, ರ್ಯಾಕ್ ಎರಡರ ಸೀಲೂ ಹೋಗುತ್ತವೆ. ಉಲ್ಟಾ ಆದರೆ, ಅಂದರೆ ಸ್ಟೇರಿಂಗ್ ಆಯಿಲ್ ಬ್ರೇಕ್ ಡಬ್ಬಿಗೆ ಬಿದ್ದರೆ ಪ್ರಾಣಕ್ಕೇ ಅಪಾಯ. ಮಾಸ್ಟರ್ ಸಿಲಿಂಡರ್ ರಬ್ಬರ್ ಊದಿ ಬ್ರೇಕ್ ಕೈಕೊಡುತ್ತದೆ. ಎರಡು ಡಬ್ಬಿ ಪಕ್ಕಪಕ್ಕ ಇರುವ ಗಾಡಿಗಳಿವೆ. ಪೆಟ್ರೋಲ್ ಬಂಕ್‌ನಲ್ಲಿ ಯಾರಾದರೂ "ಟಾಪ್ ಅಪ್ ಮಾಡಲಾ" ಅಂದರೆ ಮುಚ್ಚಳದ ಮೇಲಿನ ಬರಹ ನೀವೇ ಓದಿ.

ಹೆಸರಘಟ್ಟ_ಜೀಪ್

ಯಾವ ಆಯಿಲ್ ಹಾಕಬೇಕು ಅಂತಲೂ ಒಮ್ಮೆ ಹೇಳಿ ಸಾರ್. ಅಂಗಡಿಯಲ್ಲಿ ಒಬ್ಬೊಬ್ಬರು ಒಂದೊಂದು ಕೊಡುತ್ತಾರೆ.

ಪೀಣ್ಯ_ಹೈಡ್ರಾಲಿಕ್ಸ್

ಮುಚ್ಚಳದ ಮೇಲೆ ಅಥವಾ ಮ್ಯಾನುಯಲ್‌ನಲ್ಲಿ ಬರೆದದ್ದೇ ಕೊನೇ ಮಾತು. ಜಪಾನಿ ಗಾಡಿಗಳಲ್ಲಿ ಬಹಳಷ್ಟಕ್ಕೆ ಕೆಂಪು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್), ಡೆಕ್ಸ್‌ರಾನ್ 2 ಅಥವಾ 3 ಅಂತ ಇರುತ್ತದೆ. ಡೆಕ್ಸ್‌ರಾನ್ ಹೆಸರಿನ ಒಡೆಯ ಜಿಎಂ (ಜನರಲ್ ಮೋಟಾರ್ಸ್) ಕಂಪನಿ ಡೆಕ್ಸ್‌ರಾನ್ 3ರ ಲೈಸೆನ್ಸನ್ನು 2006ರ ಕೊನೆಗೆ ನಿಲ್ಲಿಸಿದೆ. ಈಗ ಸಿಗುವುದು ಆ ಗುಣಮಟ್ಟಕ್ಕೆ ಹೊಂದುತ್ತದೆ ಅಂತ ತಯಾರಕರೇ ಹೇಳಿಕೊಳ್ಳುವ ಆಯಿಲ್. ಆದ್ದರಿಂದ ಒಳ್ಳೆ ಹೆಸರಿನ ಕಂಪನಿಯದು, ಸೀಲ್ ಇರುವ ಡಬ್ಬ ತಗೊಳ್ಳಿ. ಬಿಡಿಯಾಗಿ ಅಳೆದು ಕೊಡುವ ಕೆಂಪು ಆಯಿಲ್ ಬೇಡವೇ ಬೇಡ. ಹಲವು ಜರ್ಮನ್ ಗಾಡಿಗಳಿಗೆ ಹಸಿರು ಸಿಂಥೆಟಿಕ್ ಆಯಿಲ್ ಬೇಕು. ಅದಕ್ಕೆ ಕೆಂಪು ಬೆರೆಸಬಾರದು. ಬಣ್ಣ ನೋಡಿ ನಿರ್ಧಾರ ಮಾಡುವುದೂ ತಪ್ಪು, ಬಣ್ಣ ಬರೀ ಗುರುತಿಗೆ ಹಾಕುವ ಡೈ.

ವಿಜಯನಗರ_ಡೀಸೆಲ್

ತೂತು ಸಿಕ್ಕಿತು!

ಭಾನುವಾರ ಗ್ರೀಸ್ ಪರೀಕ್ಷೆ ಮಾಡಿದೆ. ಡಬ್ಬಿ ಕಡೆಯ ಕ್ಲಿಪ್‌ಗೆ ಮೆತ್ತಿದಾಗ ಏನೂ ಆಗಲಿಲ್ಲ. ಪಂಪಿನ ಕಡೆಯ ಜಾಯಿಂಟ್‌ಗೆ ಮೆತ್ತಿ ಸ್ಟಾರ್ಟ್ ಮಾಡಿದೆ. ಮೊದಲು ಅದೇ ಸದ್ದು. ಸ್ವಲ್ಪ ಹೊತ್ತಿಗೆ ಗುಂಯ್ ಅನ್ನುವುದು ಇಳಿದು ಇಳಿದು ಬರೀ ಎಂಜಿನ್ ಸದ್ದು ಉಳಿಯಿತು. ಗ್ರೀಸ್ ನೋಡಿದರೆ ಒಂದು ಕಡೆ ಒಳಕ್ಕೆ ಎಳೆದುಕೊಂಡು ಸಣ್ಣ ಗುಳಿ ಬಿದ್ದಿತ್ತು. ನನ್ನ ಹೆಂಡತಿ ಕೈ ತೋರಿಸಿ ತೋರಿಸಿ ನೋಡಿದಳು.

ಎಂಜಿನ್ ತಣ್ಣಗಾದ ಮೇಲೆ ಬಿಚ್ಚಿದೆ. ಪಂಪಿಗೆ ಬರುವ ಆ ಮೊಣಕೈ ತುಂಡು ಎರಡು ಸಣ್ಣ ಬೋಲ್ಟ್ ಮೇಲೆ ಕೂತಿದೆ, ಒಳಗೆ ಒಂದು ಓ ರಿಂಗ್. ಆ ರಿಂಗ್ ದುಂಡಗಿರಬೇಕಿತ್ತು, ಚಪ್ಪಟೆಯಾಗಿ ಹೋಗಿದೆ. ಉಗುರಿನಲ್ಲಿ ಒತ್ತಿದರೆ ರಬ್ಬರ್ ತಗ್ಗುವುದಿಲ್ಲ, ಬಗ್ಗಿಸಿದರೆ ಚಟ್ ಅಂತ ಮುರಿಯಿತು. ದಪ್ಪ ಪೈಪಿನ ತುದಿಯೂ ಗಟ್ಟಿಯಾಗಿ ಸಣ್ಣ ಸಣ್ಣ ಬಿರುಕು ಬಿಟ್ಟಿದೆ. ಡಬ್ಬಿ ತಳದ ಜಾಲರಿ ಮೇಲೆ ಕಪ್ಪು ಪದರ.

ರಿಂಗ್ ಮತ್ತು ಪೈಪ್ ಎಲ್ಲಿ ತಗೊಳ್ಳಲಿ? ಯಾವ ಓ ರಿಂಗ್ ಆದರೂ ನಡೆಯುತ್ತದಾ? ಆಮೇಲೆ ರ್ಯಾಕ್ ಬಗ್ಗೆ ಅವರು ಹೇಳಿದ್ದು ನಿಜವಾ ಸುಳ್ಳಾ, ಅದನ್ನು ಹೇಗೆ ನೋಡುವುದು?

ಕಾಮಾಕ್ಷಿಪಾಳ್ಯ_ಗ್ಯಾರೇಜ್

ಬಹಳ ಸಂತೋಷ ಸಾರ್. ಇಷ್ಟು ತಾಳ್ಮೆಯಿಂದ ಹುಡುಕಿದ್ದೀರಿ.

ಓ ರಿಂಗ್ ಕಂಪನಿ ಪಾರ್ಟ್ ನಂಬರ್ ಕೊಟ್ಟು ತಗೊಳ್ಳಿ, ದೊಡ್ಡ ಬೆಲೆ ಏನಿಲ್ಲ. ಸಿಗದಿದ್ದರೆ ಹಳೇ ರಿಂಗಿನ ಗುಂಡಿ, ಅಂದರೆ ಅದು ಕೂರುವ ಕಾಲುವೆಯ ಅಳತೆ ತಗೊಂಡು ಹೋಗಿ ಎಣ್ಣೆಗೆ ತಡೆಯುವ ನೈಟ್ರೈಲ್ ರಬ್ಬರ್‌ದೇ ಕೇಳಿ. ನೀರಿನ ನಲ್ಲಿಗೆ ಹಾಕುವ ರಬ್ಬರ್ ಇಲ್ಲಿ ನಿಲ್ಲುವುದಿಲ್ಲ. ದಪ್ಪ ಪೈಪ್ ಜೆ.ಸಿ. ರೋಡ್ ಅಥವಾ ಕಲಾಸಿಪಾಳ್ಯದಲ್ಲಿ ಸಿಗುತ್ತದೆ. ಕೂಲೆಂಟ್ ಪೈಪ್ ತುಂಡು ಕತ್ತರಿಸಿ ಕೊಡಲು ಬಂದರೆ ತಗೊಳ್ಳಬೇಡಿ, ಅದು ಎಣ್ಣೆಗೆ ಊದಿಕೊಳ್ಳುತ್ತದೆ. ಗುಜರಿಯಿಂದ ತಂದ ಪೈಪ್ ಕೂಡ ಬೇಡ, ಅದಕ್ಕೂ ನಿಮ್ಮದರಷ್ಟೇ ವಯಸ್ಸಾಗಿರುತ್ತದೆ. ಕ್ಲಿಪ್ ಹೊಸದು ಹಾಕಿ.

ರ್ಯಾಕ್ ನೋಡುವುದು ಸುಲಭ. ರ್ಯಾಕಿನ ಎರಡೂ ತುದಿಯಲ್ಲಿ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್ ಇರುತ್ತದೆ. ಅದನ್ನು ಕೈಯಲ್ಲಿ ಹಿಸುಕಿ. ಒಳಗೆ ಆಯಿಲ್ ತುಂಬಿದ್ದರೆ ಕುಲುಕು ಗೊತ್ತಾಗುತ್ತದೆ. ಅನುಮಾನ ಇದ್ದರೆ ಹೊರಗಿನ ಕ್ಲಿಪ್ ಬಿಚ್ಚಿ ಬೂಟ್ ಹಿಂದಕ್ಕೆ ಸರಿಸಿ. ಒಳಗೆ ಒಣಗಿದ್ದು ಸ್ವಲ್ಪ ಗ್ರೀಸ್ ಮಾತ್ರ ಇದ್ದರೆ ಸೀಲ್ ಚೆನ್ನಾಗಿದೆ. ಕೆಂಪು ಆಯಿಲ್ ಹರಿದು ಬಂದರೆ ಸೀಲ್ ಹೋಗಿದೆ. ಆಗಲೂ ಹೊಸ ರ್ಯಾಕೇ ಬೇಕು ಅಂತಿಲ್ಲ. ಒಳಗಿನ ರಾಡ್ ತುಕ್ಕು ಹಿಡಿಯದೆ ನುಣುಪಾಗಿದ್ದರೆ ಸೀಲ್ ಕಿಟ್ ಹಾಕಿಸಿ ರಿಪೇರಿ ಮಾಡಬಹುದು. ಬೂಟ್ ಹರಿದು ಮಳೆ ನೀರು ಹೊಕ್ಕು ರಾಡ್ ತುಕ್ಕು ಹಿಡಿದಿದ್ದರೆ ಎಷ್ಟು ಸೀಲ್ ಹಾಕಿದರೂ ಕಿತ್ತು ಹೋಗುತ್ತದೆ.

ಪಂಪ್ ಗತಿ ತಿಳಿಯಲು ಹಳೇ ಆಯಿಲನ್ನು ಬಿಳಿ ಕಾಗದದ ಮೇಲೆ ಹನಿ ಹಾಕಿ ಬಿಸಿಲಿಗೆ ಹಿಡಿಯಿರಿ. ಲೋಹದ ಮಿನುಗು ಪುಡಿ ಕಂಡರೆ ಪಂಪ್ ಸವೆದಿದೆ. ಮಿನುಗಿಲ್ಲದ ಬರೀ ಕಪ್ಪು ಆದರೆ ಬಹುಪಾಲು ಹಳೇ ಆಯಿಲ್, ರಬ್ಬರ್ ಸವೆತ.

ಹೆಸರಘಟ್ಟ_ಜೀಪ್

ಹನ್ನೆರಡು ಹದಿಮೂರು ವರ್ಷದ ಪಂಪ್ ಅಲ್ವಾ. ಹೇಗಿದ್ದರೂ ಬಿಚ್ಚಿದ್ದಾಯಿತು, ಘಾಟಿಗೆ ಹೋಗುವ ಮೊದಲು ಹೊಸದೇ ಹಾಕಿಬಿಡುವುದು ಒಳ್ಳೇದಲ್ವಾ? ದಾರಿ ಮಧ್ಯೆ ಕೈಕೊಟ್ಟರೆ?

ಪೀಣ್ಯ_ಹೈಡ್ರಾಲಿಕ್ಸ್

ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ವೇನ್ ಪಂಪ್, ಅಂದರೆ ಇಂಥ ರೆಕ್ಕೆಯ ಪಂಪ್, ವರ್ಷ ನೋಡಿ ಸಾಯುವುದಿಲ್ಲ, ಆಯಿಲ್ ನೋಡಿ ಸಾಯುತ್ತದೆ. ಚೆನ್ನಾಗಿರುವ ಮೂಲ ಪಂಪ್ ತೆಗೆದು, ಪೇಟೆಯಲ್ಲಿ ಸಿಗುವ ಗೊತ್ತಿಲ್ಲದ ಹೆಸರಿನ ಪಂಪ್ ಹಾಕುವುದು ಮುನ್ನೆಚ್ಚರಿಕೆ ಅಲ್ಲ. ರಬ್ಬರ್, ಜಾಲರಿ, ಆಯಿಲ್ ಸರಿಮಾಡಿ ಸ್ವಲ್ಪ ದಿನ ಊರೊಳಗೆ ಓಡಿಸಿ ನೋಡಲಿ. ಆಮೇಲೂ ನೇರ ಹೋಗುವಾಗಲೂ ಬಿಡದೆ ಗರಗರ ಅಂದರೆ ಆಗ ಪಂಪ್ ಬೇರಿಂಗ್ ಬಗ್ಗೆ ಯೋಚಿಸೋಣ.

ಅಲ್ಲಿಗೂ ಒಂದು ಎಚ್ಚರಿಕೆ. ಆಲ್ಟರ್ನೇಟರ್, ಐಡ್ಲರ್, ಟೆನ್ಷನರ್ ಪುಲ್ಲಿಗಳ ಬೇರಿಂಗ್ ಸದ್ದು ಪಂಪ್ ಸದ್ದಿನ ಹಾಗೇ ಕೇಳುತ್ತದೆ. ಉದ್ದದ ಸ್ಕ್ರೂಡ್ರೈವರ್ ತುದಿ ಒಂದೊಂದರ ಮೈಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳಿ. ತಿರುಗುವ ಭಾಗಕ್ಕೆ ತಾಗಿಸಬಾರದು, ನಿಂತ ಮೈಗೆ ಮಾತ್ರ. ಇನ್ನೂ ಖಚಿತ ಬೇಕಾದರೆ ಎಂಜಿನ್ ಆಫ್ ಮಾಡಿ ಬೆಲ್ಟ್ ಕಳಚಿ ಪ್ರತಿ ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿ. ಒರಟು ಕೈಗೇ ಗೊತ್ತಾಗುತ್ತದೆ.

ದಾರಿಯಲ್ಲಿ ಕೈಕೊಟ್ಟರೆ ಏನಾಗುತ್ತದೆ ಅನ್ನುವುದೂ ತಿಳಿದಿರಲಿ. ಹೈಡ್ರಾಲಿಕ್ ಸಹಾಯ ನಿಂತರೂ ಸ್ಟೇರಿಂಗ್ ಚಕ್ರದಿಂದ ಟೈರ್ ತನಕ ಲೋಹದ ಸಂಪರ್ಕ ಇದ್ದೇ ಇದೆ. ಗಾಡಿ ತಿರುಗುತ್ತದೆ, ಆದರೆ ಬಹಳ ಭಾರ. ನಿಧಾನವಾಗಿ ಪಕ್ಕಕ್ಕೆ ತರಬಹುದು. ಪ್ರೆಷರ್ ಪೈಪ್ ಒಡೆದರೆ ಮಾತ್ರ ಕೂಡಲೇ ಎಂಜಿನ್ ನಿಲ್ಲಿಸಬೇಕು. ಬಿಸಿ ಎಗ್ಸಾಸ್ಟ್ ಮೇಲೆ ಆಯಿಲ್ ಬಿದ್ದರೆ ಬೆಂಕಿ ಹತ್ತಬಹುದು.

ಬನಶಂಕರಿ_ಹ್ಯಾಚ್‌ಬ್ಯಾಕ್

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಸಣ್ಣ ಪೆಟ್ರೋಲ್ ಗಾಡಿ. ರಸ್ತೆಗುಂಡಿಯಲ್ಲಿ ಇಳಿದಾಗ, ಸಿಗ್ನಲ್‌ನಲ್ಲಿ ಸ್ವಲ್ಪ ಅಲುಗಿಸಿದಾಗ ಸ್ಟೇರಿಂಗ್ ಒಳಗೇ ಟಕ್ ಟಕ್ ಅನ್ನುತ್ತದೆ, ಕೈಗೂ ತಾಗುತ್ತದೆ. ಬಾನೆಟ್ ಒಳಗೆ ಸ್ಟೇರಿಂಗ್ ಆಯಿಲ್ ಡಬ್ಬಿ ಹುಡುಕಿದೆ, ಕಾಣಲಿಲ್ಲ. ಹೋದ ಸಲ ಸರ್ವಿಸ್ ಬಿಲ್‌ನಲ್ಲಿ ಪವರ್ ಸ್ಟೇರಿಂಗ್ ಆಯಿಲ್ ಅಂತ ಹಣ ತಗೊಂಡಿದ್ದಾರೆ.

ಕಾಮಾಕ್ಷಿಪಾಳ್ಯ_ಗ್ಯಾರೇಜ್

ಮೇಡಂ, ಡಬ್ಬಿ ಕಾಣದಿದ್ದರೆ ನಿಮ್ಮದು ಬಹುಶಃ ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್, ಇಪಿಎಸ್. ಮ್ಯಾನುಯಲ್‌ನಲ್ಲಿ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಇಪಿಎಸ್ ಆಗಿದ್ದರೆ ಅದರಲ್ಲಿ ಆಯಿಲೇ ಇಲ್ಲ. ಆ ಬಿಲ್ ತಗೊಂಡು ಹೋಗಿ ಹಣ ವಾಪಸ್ ಕೇಳಿ, ಅದು ನಿಮ್ಮ ಹಕ್ಕು.

ಈಗ ಬರುವ ಸಣ್ಣ ಗಾಡಿ ಬಹುತೇಕ ಎಲ್ಲವೂ ಇಪಿಎಸ್. ಸ್ವಿಫ್ಟ್ ನಮ್ಮಲ್ಲಿ 2005ರಲ್ಲಿ ಬಂದಾಗಲೇ ಇಪಿಎಸ್ ಇತ್ತು. ಅದರಲ್ಲಿ ಒಂದು ಮೋಟಾರ್, ತಿರುವು ಅಳೆಯುವ ಸೆನ್ಸರ್, ಒಂದು ಕಂಟ್ರೋಲ್ ಯೂನಿಟ್. ಸಣ್ಣ ಗಾಡಿಗಳಲ್ಲಿ ಮೋಟಾರ್ ಸಾಮಾನ್ಯವಾಗಿ ಡ್ಯಾಶ್‌ಬೋರ್ಡ್ ಕೆಳಗೆ ಸ್ಟೇರಿಂಗ್ ಕಾಲಮ್ ಮೇಲೇ ಕೂತಿರುತ್ತದೆ. ಅದಕ್ಕೇ ಸದ್ದು ಒಳಗಿಂದ ಕೇಳುತ್ತದೆ.

ಟಕ್ ಟಕ್‌ಗೆ ನಾನು ಹೀಗೆ ಹುಡುಕುತ್ತೇನೆ. ಎಂಜಿನ್ ಆಫ್ ಮಾಡಿ, ಸ್ಟೇರಿಂಗ್ ಲಾಕ್ ಬಿಡಿಸಿ, ಒಬ್ಬರು ಚಕ್ರವನ್ನು ಎಡಕ್ಕೆ ಬಲಕ್ಕೆ ಸ್ವಲ್ಪವೇ ಅಲುಗಿಸಬೇಕು. ಇನ್ನೊಬ್ಬರು ಪೆಡಲ್ ಹತ್ತಿರ ಕೆಳಗೆ ಹೋಗುವ ಶಾಫ್ಟ್‌ನ ಜಾಯಿಂಟ್ ಮೇಲೆ ಬೆರಳಿಡಬೇಕು. ಸಡಿಲ ಇದ್ದರೆ ಬೆರಳಿಗೆ ಟಿಕ್ ಅಂತ ಗೊತ್ತಾಗುತ್ತದೆ. ಅಲ್ಲಿ ಇಲ್ಲದಿದ್ದರೆ ಹೊರಗೆ ಟೈ ರಾಡ್ ಎಂಡ್ ಮೇಲೆ, ಆಮೇಲೆ ರ್ಯಾಕ್ ಮೈ ಮೇಲೆ ಕೈ ಇಟ್ಟು ಅದೇ ಪರೀಕ್ಷೆ. ಎಲ್ಲೂ ಸಿಗದೆ ಕಾಲಮ್ ಒಳಗೇ ಅನಿಸಿದರೆ, ಮೋಟಾರ್ ಮತ್ತು ಗೇರ್ ನಡುವೆ ಇರುವ ಸಣ್ಣ ರಬ್ಬರ್ ಕಪ್ಲಿಂಗ್ ಪುಡಿಯಾಗಿರಬಹುದು. ಹಾಗಿದ್ದಾಗ ಪೂರ್ತಿ ಕಾಲಮ್ ಬದಲಿಸಲು ಹೇಳುವವರಿದ್ದಾರೆ. ಹಲವು ಮಾಡೆಲ್‌ಗೆ ಆ ರಬ್ಬರ್ ಒಂದೇ ಬಿಡಿಯಾಗಿ ಸಿಗುತ್ತದೆ. ಕೆಲಸ ಜಾಸ್ತಿ, ಪಾರ್ಟ್ ಸಣ್ಣದು.

ಇಪಿಎಸ್ ಗಾಡಿ ಬೆಳಿಗ್ಗೆ ಮಾತ್ರ ಭಾರ ಅನಿಸಿದರೆ ಬ್ಯಾಟರಿ ಮೊದಲು ಚೆಕ್ ಮಾಡಿಸಿ. ನಿಂತಲ್ಲಿ ತಿರುಗಿಸುವಾಗ ಆ ಮೋಟಾರ್ ಹತ್ತಾರು ಆಂಪಿಯರ್ ಎಳೆಯುತ್ತದೆ.

ಪೀಣ್ಯ_ಹೈಡ್ರಾಲಿಕ್ಸ್

ಇದಕ್ಕೊಂದು ಮಾತು ಸೇರಿಸುತ್ತೇನೆ, ಇತಿಹಾಸದ ಮೇಲೆ ನನಗೆ ಪ್ರೀತಿ. ಹೈಡ್ರಾಲಿಕ್ ಪವರ್ ಸ್ಟೇರಿಂಗ್ ಮಾರಾಟದ ಕಾರಿಗೆ ಮೊದಲು ಬಂದಿದ್ದು 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಎಲೆಕ್ಟ್ರಿಕ್ ಬಂದಿದ್ದು 1988ರಲ್ಲಿ, ಜಪಾನಿನ ಪುಟ್ಟ ಸುಜುಕಿ ಸೆರ್ವೋದಲ್ಲಿ. ಹೈಡ್ರಾಲಿಕ್ ಪಂಪ್ ನೇರ ಹೋಗುವಾಗಲೂ ಎಂಜಿನ್ ಶಕ್ತಿ ತಿನ್ನುತ್ತಲೇ ಇರುತ್ತದೆ. ಎಲೆಕ್ಟ್ರಿಕ್ ಮೋಟಾರ್ ತಿರುಗಿಸಿದಾಗ ಮಾತ್ರ ಕೆಲಸ ಮಾಡುತ್ತದೆ. ಸಣ್ಣ ಎಂಜಿನ್‌ನ ಗಾಡಿಗಳು ಮೊದಲು ಇಪಿಎಸ್‌ಗೆ ಹೋಗಿದ್ದು ಅದಕ್ಕೇ.

ವಿಜಯನಗರ_ಡೀಸೆಲ್

ರ್ಯಾಕ್ ಬೂಟ್ ಎರಡೂ ಸರಿಸಿ ನೋಡಿದೆ. ಒಳಗೆ ಒಣಗಿದೆ, ರಾಡ್ ಹೊಳೆಯುತ್ತಿದೆ. ಕಾಗದದ ಮೇಲೆ ಮಿನುಗು ಕಾಣಲಿಲ್ಲ. ಓ ರಿಂಗ್, ಪೈಪ್, ಕ್ಲಿಪ್, ಆಯಿಲ್ ತಂದಾಯಿತು. ಡಬ್ಬಿ ಜಾಲರಿ ಬಿಡಿಯಾಗಿ ಬರುವುದಿಲ್ಲವಂತೆ, ಡಬ್ಬಿಯೇ ಹೊಸದು ತಂದೆ. ಈಗ ಹಳೇ ಆಯಿಲ್ ತೆಗೆದು ಗಾಳಿ ಬಿಡಿಸುವ ಕ್ರಮ ಹೇಳಿಬಿಡಿ ಸಾರ್.

ಕಾಮಾಕ್ಷಿಪಾಳ್ಯ_ಗ್ಯಾರೇಜ್

ನಿಧಾನವಾಗಿ ಮಾಡಿ, ಅವಸರ ಬೇಡ.

ಗಾಡಿ ಮಟ್ಟವಾದ ನೆಲದಲ್ಲಿ ಇರಲಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಮುಂದಿನ ಎರಡೂ ಚಕ್ರ ನೆಲ ಬಿಡುವಂತೆ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಡಬ್ಬಿಯಿಂದ ಸಣ್ಣ ರಿಟರ್ನ್ ಪೈಪ್ ಕಳಚಿ ಒಂದು ಖಾಲಿ ಬಾಟಲಿಗೆ ಬಿಡಿ. ಡಬ್ಬಿಯ ಆ ಬಾಯಿಗೆ ರಬ್ಬರ್ ಕ್ಯಾಪ್ ಹಾಕಿ ಮುಚ್ಚಿ. ಎಂಜಿನ್ ಆಫ್ ಇದ್ದಾಗಲೇ ಸ್ಟೇರಿಂಗನ್ನು ಈ ಲಾಕ್‌ನಿಂದ ಆ ಲಾಕ್‌ಗೆ ಮೆಲ್ಲಗೆ ತಿರುಗಿಸುತ್ತಾ ಹೋಗಿ. ಹಳೇ ಆಯಿಲ್ ಬಾಟಲಿಗೆ ಬೀಳುತ್ತದೆ. ಇನ್ನೊಬ್ಬರು ಡಬ್ಬಿಗೆ ಹೊಸದು ಹಾಕುತ್ತಲೇ ಇರಬೇಕು, ಖಾಲಿ ಆಗಲು ಬಿಡಬಾರದು. ಕೆಲವರು ಇದನ್ನು ಎಂಜಿನ್ ಓಡಿಸಿ ಮಾಡುತ್ತಾರೆ. ಹಾಗೆ ಮಾಡಿದರೆ ಕೆಲವೇ ಸೆಕೆಂಡಿನಲ್ಲಿ ಡಬ್ಬಿ ಬತ್ತಿ ಪಂಪ್ ಒಣಗಿ ಓಡುತ್ತದೆ. ಬಾಟಲಿಗೆ ಸ್ವಚ್ಛ ಕೆಂಪು ಬರುವವರೆಗೆ ಮಾಡಿ, ಪೈಪ್ ವಾಪಸ್ ಹಾಕಿ ಕ್ಲಿಪ್ ಬಿಗಿಮಾಡಿ.

ಈಗ ಗಾಳಿ. ಇನ್ನೂ ಎಂಜಿನ್ ಆಫ್. ಆಯಿಲ್ ಗೀಟಿನವರೆಗೆ ಇರಲಿ, ಮುಚ್ಚಳ ತೆಗೆದಿರಲಿ. ಲಾಕ್‌ನಿಂದ ಲಾಕ್‌ಗೆ 15-20 ಸಲ ನಿಧಾನ. ಗುಳ್ಳೆ ಮೇಲೆ ಬರುವುದು ಕಾಣುತ್ತದೆ, ಮಟ್ಟ ಇಳಿಯುತ್ತದೆ, ಹಾಕುತ್ತಾ ಇರಿ. ಗುಳ್ಳೆ ನಿಂತ ಮೇಲೆ ಮಾತ್ರ ಸ್ಟಾರ್ಟ್ ಮಾಡಿ. ಐಡ್ಲಿಂಗ್‌ನಲ್ಲಿ ಮತ್ತೆ ಆ ಕಡೆ ಈ ಕಡೆ, ಲಾಕ್‌ನಲ್ಲಿ ಹಿಡಿದು ನಿಲ್ಲಿಸದೆ. ನೊರೆ ಬಂದರೆ ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ಮತ್ತೆ ಶುರುಮಾಡಿ. ನೊರೆ ಇರುವಾಗ ಎಂಜಿನ್ ರೇಸ್ ಮಾಡಿದರೆ ಗಾಳಿ ಇನ್ನೂ ಸಣ್ಣ ಸಣ್ಣದಾಗಿ ಆಯಿಲಿನಲ್ಲಿ ಕಲಸಿಹೋಗುತ್ತದೆ, ಬಿಡಿಸುವುದು ಕಷ್ಟ.

ಎಲ್ಲ ಆದಮೇಲೆ ಟೈರ್ ಗಾಳಿ ಒಮ್ಮೆ ನೋಡಿ. ಗಾಳಿ ಕಮ್ಮಿ ಇದ್ದರೆ ತಿರುಗಿಸಲು ಭಾರ ಜಾಸ್ತಿ, ಒಳ್ಳೆ ಪಂಪೂ ಕೂಗುತ್ತದೆ.

ವಿಜಯನಗರ_ಡೀಸೆಲ್

ಆಯಿತು ಸಾರ್! ಅದೇ ಕಂಬ, ಅದೇ ತಿರುವು, ಗುಂಯ್ ಇಲ್ಲ. ಆಯಿಲ್ ಕೆಂಪಗೆ ತಿಳಿಯಾಗಿದೆ, ಎಂಜಿನ್ ಆಫ್ ಮಾಡಿದಾಗ ಮಟ್ಟ ಮೇಲೇಳುವುದೂ ನಿಂತಿದೆ. ಒಟ್ಟು ಖರ್ಚು ಆ ಎಸ್ಟಿಮೇಟಿನ ಹತ್ತನೇ ಒಂದು ಭಾಗವೂ ಆಗಲಿಲ್ಲ.

ಒಂದು ಸಣ್ಣ ಸದ್ದು ಉಳಿದಿದೆ. ತಿರುಗಿಸಿದಾಗ ಕಾಲಿನ ಹತ್ತಿರ ಮೆಲ್ಲಗೆ ಊಂ ಅನ್ನುತ್ತದೆ. ಹೊರಗೆ ನಿಂತರೆ ಕೇಳುವುದೇ ಇಲ್ಲ, ಒಳಗೆ ಕೂತರೆ ಮಾತ್ರ.

ಪೀಣ್ಯ_ಹೈಡ್ರಾಲಿಕ್ಸ್

ಒಳಗೆ ಮಾತ್ರ ಕೇಳಿದರೆ ಪೈಪ್ ಎಲ್ಲೋ ಬಾಡಿಗೆ ತಾಗುತ್ತಿದೆ. ಪ್ರೆಷರ್ ಪೈಪಿನ ಲೋಹದ ಭಾಗವನ್ನು ಹಿಡಿದಿರುವ ಬ್ರಾಕೆಟ್‌ಗಳಲ್ಲಿ ರಬ್ಬರ್ ಇರುತ್ತದೆ. ಕೆಲಸ ಮಾಡುವಾಗ ಯಾವುದೋ ಸರಿದಿರಬೇಕು. ತಣ್ಣಗಿರುವಾಗ ಪೈಪ್ ಉದ್ದಕ್ಕೂ ಕೈಯಾಡಿಸಿ, ಬಾಡಿಗೂ ಪೈಪಿಗೂ ನಡುವೆ ಬೆರಳು ಹೋಗದ ಜಾಗ ಹುಡುಕಿ.

ವಿಜಯನಗರ_ಡೀಸೆಲ್

ಸಿಕ್ಕಿತು. ಫೈರ್‌ವಾಲ್ (ಎಂಜಿನ್‌ಗೂ ನಾವು ಕೂರುವ ಜಾಗಕ್ಕೂ ನಡುವಿನ ತಗಡು) ಹತ್ತಿರದ ಬ್ರಾಕೆಟ್‌ನ ರಬ್ಬರ್ ಜಾರಿ ಕೆಳಗೆ ನೇತಾಡುತ್ತಿತ್ತು. ಸರಿಯಾಗಿ ಕೂರಿಸಿದೆ, ಊಂ ಕೂಡ ಹೋಯಿತು. ಹಳೇ ಆಯಿಲ್ ಬಾಟಲಿಯಲ್ಲಿದೆ, ಏನು ಮಾಡಲಿ?

ಕಾಮಾಕ್ಷಿಪಾಳ್ಯ_ಗ್ಯಾರೇಜ್

ಚರಂಡಿಗೆ ಬೇಡ, ಕಸದ ಗಾಡಿಗೂ ಬೇಡ. ಹತ್ತಿರದ ಗ್ಯಾರೇಜಿಗೆ ಕೊಡಿ, ಎಂಜಿನ್ ಆಯಿಲ್ ಜೊತೆ ಬ್ಯಾರಲ್‌ಗೆ ಹಾಕುತ್ತಾರೆ. ಘಾಟಿಗೆ ಹೋಗುವ ಮೊದಲು ಒಂದು ವಾರ ಬಿಟ್ಟು ಮಟ್ಟ ಮತ್ತು ಆ ಎರಡು ಬೋಲ್ಟ್ ಇನ್ನೊಮ್ಮೆ ನೋಡಿ. ತಿರುವಿನಲ್ಲಿ ಗಾಡಿ ಪೂರ್ತಿ ನಿಲ್ಲಿಸಿ ತಿರುಗಿಸುವ ಬದಲು ಸ್ವಲ್ಪ ಚಲಿಸುತ್ತಿರುವಾಗ ತಿರುಗಿಸಿ, ಪಂಪಿಗೆ ಹೊರೆ ಕಮ್ಮಿ.

ಬನಶಂಕರಿ_ಹ್ಯಾಚ್‌ಬ್ಯಾಕ್

ನನ್ನದೂ ಸಿಕ್ಕಿತು ಸಾರ್. ತಮ್ಮ ಸ್ಟೇರಿಂಗ್ ಅಲುಗಿಸಿದ, ನಾನು ಪೆಡಲ್ ಹತ್ತಿರ ಬೆರಳಿಟ್ಟೆ. ಕೆಳಗಿನ ಜಾಯಿಂಟ್‌ನಲ್ಲಿ ಟಿಕ್ ಅಂತ ಸ್ಪಷ್ಟವಾಗಿ ಬಂತು. ಮ್ಯಾನುಯಲ್‌ನಲ್ಲೂ ಇಪಿಎಸ್ ಅಂತಲೇ ಇದೆ. ಆಯಿಲ್ ಹಣ ವಾಪಸ್ ಕೊಟ್ಟರು, ಬೇರೆ ಗ್ಯಾರೇಜಿನಲ್ಲಿ ಶಾಫ್ಟ್ ಬದಲಿಸಲು ಗಾಡಿ ಬಿಡುತ್ತಿದ್ದೇನೆ. ಅವರಿಗೆ ಏನಾದರೂ ಹೇಳಬೇಕಾ?

ಕಾಮಾಕ್ಷಿಪಾಳ್ಯ_ಗ್ಯಾರೇಜ್

ಮೂರು ಮಾತು ಹೇಳಿ ಮೇಡಂ. ಬಿಚ್ಚುವ ಮೊದಲು ಚಕ್ರ ನೇರ ಇಟ್ಟು ಸ್ಟೇರಿಂಗ್ ತಿರುಗದಂತೆ ಸೀಟ್ ಬೆಲ್ಟ್‌ನಿಂದ ಕಟ್ಟಲಿ. ಶಾಫ್ಟ್ ಕಳಚಿದಾಗ ಸ್ಟೇರಿಂಗ್ ಸುಮ್ನೆ ಸುತ್ತಿದರೆ ಹಾರ್ನ್ ಮತ್ತು ಏರ್‌ಬ್ಯಾಗ್ ವೈರ್ ಇರುವ ಕ್ಲಾಕ್ ಸ್ಪ್ರಿಂಗ್ ಕಿತ್ತುಹೋಗುತ್ತದೆ. ಹಳೇ ಶಾಫ್ಟ್ ಕೂತ ಜಾಗಕ್ಕೆ ಪೇಂಟ್ ಗುರುತು ಹಾಕಿಕೊಂಡು ಹೊಸದು ಅದೇ ಗುರುತಿಗೆ ಕೂರಿಸಲಿ. ಬಿಗಿಯುವ ಬೋಲ್ಟ್ ಹೊಸದೇ ಹಾಕಿ ಟಾರ್ಕ್ ರೆಂಚ್‌ನಲ್ಲಿ ಬಿಗಿಮಾಡಲಿ, ನೀವು ಪಕ್ಕದಲ್ಲಿ ನಿಂತು ನೋಡಿ.